ಪಾಲಿಕೆ ಎರಡಾಗುವಾಗ ಹಿರಿಯರ ಕಟ್ಟೆ ಯಾರ ಪಾಲಿಗೆ?

ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟವು 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. 1962ರಲ್ಲಿ ಒಂದೇ ಆಡಳಿತದಡಿ ಕೂಡಿದ ಎರಡು ಊರುಗಳು ಬೇರೆಯಾಗುವಾಗ ವಾರ್ಡುಗಳ ಗಡಿ, ಸಿಬ್ಬಂದಿಯ ಹಂಚಿಕೆ, ತೆರಿಗೆಯ ಪಾಲು ಇವುಗಳ ಚರ್ಚೆ ಸಹಜವೇ. ಆದರೆ ಹಂಚಿಕೆಯಾಗಬೇಕಾದ ಆಸ್ತಿಯಲ್ಲಿ ಉದ್ಯಾನಗಳೂ, ಬಡಾವಣೆಗಳ ಖುಲ್ಲಾ ಜಾಗಗಳೂ ಸೇರಿವೆ. ಅವು ಯಾರಿಗೆ, ಯಾವ ಹೊತ್ತಿಗೆ, ಏತಕ್ಕೆ ಒದಗುತ್ತಿವೆ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಬಾರದು. ನಾವು ಕೇಳುತ್ತಿರುವುದು ವಯಸ್ಕರ ಪರವಾಗಿ, ಅದರಲ್ಲೂ ಮನೆಯಲ್ಲಿ ಒಂಟಿಯಾಗಿ ಉಳಿದ ಹಿರಿಯರ ಪರವಾಗಿ.

ವಿಶ್ವ ಆರೋಗ್ಯ ಸಂಸ್ಥೆಯು ಸಾಮಾಜಿಕ ಸಂಪರ್ಕದ ಅಧ್ಯಯನಕ್ಕೆಂದು ನೇಮಿಸಿದ ಆಯೋಗವು 2025ರ ಜೂನ್ 30ರಂದು ವರದಿ ಪ್ರಕಟಿಸಿತು. ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ ಎಂಬುದು ಆ ವರದಿಯ ಸಾರ. ಬ್ರಿಟನ್ ದೇಶವು 2018ರಲ್ಲಿಯೇ ಈ ವಿಷಯಕ್ಕೆಂದು ಮಂತ್ರಿಯೊಬ್ಬರಿಗೆ ಹೊಣೆ ಒಪ್ಪಿಸಿತ್ತು. ಅಲ್ಲಿ ಮನಸ್ಸು ಕುಗ್ಗಿದವರನ್ನು ಗುಂಪು ನಡಿಗೆಗೂ ಸಮುದಾಯದ ತೋಟಗಾರಿಕೆಗೂ ಕಳುಹಿಸುವ ಪದ್ಧತಿ ಬೆಳೆದುಬಂದಿದೆ.

ಇದು ಪರದೇಶದ ಮಾತು ಎಂದು ತಳ್ಳಿಹಾಕುವಂತಿಲ್ಲ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕೆಗಳಲ್ಲಿ ನೆಲೆಸಿದ ಮನೆಗಳು ನಮ್ಮ ಓಣಿ ಓಣಿಯಲ್ಲಿವೆ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಮೊಮ್ಮಕ್ಕಳ ಮುಖ ಕಾಣುತ್ತದೆ. ಉಳಿದ ದಿನಗಳಲ್ಲಿ ಮಾತಿಗೆ ಸಿಗುವುದು ದೂರದರ್ಶನ ಮಾತ್ರ. ಮದ್ದು ಬೇಕಾದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ; ಅದರ ಮೂಲ 1845ರಷ್ಟು ಹಳೆಯದು. ಮದ್ದು ಬೇಡದೆ, ನಾಲ್ಕು ಮಾತು ಮಾತ್ರ ಬೇಕಾದವರು ಎಲ್ಲಿಗೆ ಹೋಗಬೇಕು?

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಗಸಿಯ ಕಟ್ಟೆ, ಗುಡಿಯ ಮುಂದಿನ ಅರಳಿಮರ, ಕೆರೆಯ ಏರಿ ಇವು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಧಾರವಾಡದ ಸಾಧನಕೇರಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು ವರಕವಿ ಬೇಂದ್ರೆಯವರ ಮನೆಯಿಂದ. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರನ್ನು ಬೇಂದ್ರೆಯವರೊಂದಿಗೆ ಬೆಸೆದ ಗೆಳೆಯರ ಗುಂಪು ಬೆಳೆದದ್ದೂ ಇದೇ ಊರಿನಲ್ಲಿ. ಅದನ್ನು ಬೆಳೆಸಿದ್ದು ಕಟ್ಟಡವಲ್ಲ, ಮತ್ತೆ ಮತ್ತೆ ಕೂಡುವ ರೂಢಿ. ಇಂದಿಗೂ ನಸುಕಿನಲ್ಲಿ ನೃಪತುಂಗ ಬೆಟ್ಟ ಹತ್ತುವವರನ್ನು ನೋಡಿದರೆ ಆ ರೂಢಿ ಪೂರ್ತಿ ಅಳಿದಿಲ್ಲವೆಂದು ತಿಳಿಯುತ್ತದೆ. ಅವರಲ್ಲಿ ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಉಳಿದವರು ಮನೆಗೆ ಹೋಗಿ ವಿಚಾರಿಸುತ್ತಾರೆ. ಆರೋಗ್ಯ ಇಲಾಖೆಯ ಯಾವ ಯೋಜನೆಗೂ ಇಷ್ಟು ಸುಲಭವಾಗಿ ಈ ಕೆಲಸ ಸಾಧ್ಯವಾಗದು.

ಆದರೆ ಬೆಟ್ಟ ಹತ್ತಲು ಗಟ್ಟಿ ಮೊಣಕಾಲು ಬೇಕು. ಉಣಕಲ್ ಕೆರೆಗೆ ಬರಲು ದೂರದ ಬಡಾವಣೆಯವರಿಗೆ ಬಸ್ಸೋ ಆಟೋವೋ ಬೇಕು. ಬಂದ ಮೇಲೆ ಕೊಳಚೆ ನೀರು ಸೇರಿ ಅಂತರಗಂಗೆ ಹಬ್ಬಿದ ಕಾಲದಲ್ಲಿ ದಂಡೆಯ ಮೇಲೆ ಕೂಡ್ರಲು ಮನಸ್ಸೂ ಬರಬೇಕು. ಕೆಲಗೇರಿ ಕೆರೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಇನ್ನು ಹೊಸ ಹಣ ಹರಿದ ಕಡೆ ನೋಡೋಣ. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯ ಆವರಣಕ್ಕೆ ಸಂಗೀತ ಕಾರಂಜಿ ಬಂತು, ಪುಟಾಣಿ ರೈಲು ಬಂತು. ಮಕ್ಕಳಿಗೆ ಅದರಿಂದ ಸಂತೋಷವಾದರೆ ನಮಗೂ ಸಂತೋಷ. ಆದರೂ ಅದು ನೋಡಲು ಹೋಗುವ ಜಾಗವೇ ಹೊರತು ದಿನವೂ ಕೂಡುವ ಜಾಗವಲ್ಲ. ವರ್ಷಕ್ಕೆರಡು ಸಲ ಬೀಗರು ಬಂದಾಗ ಕರೆದೊಯ್ಯುವ ಉದ್ಯಾನ ಬೇರೆ, ಸಂಜೆಯ ಚಹಾ ಕುಡಿದು ಚಪ್ಪಲಿ ಮೆಟ್ಟಿ ಹೊರಡುವ ಉದ್ಯಾನ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಮನೆಯಿಂದ 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಹಸಿರು ತಾಣವೊಂದು ಇರಬೇಕೆಂದು ಸೂಚಿಸಿದೆ. ಈ ಅಳತೆಗೋಲು ಹಿಡಿದರೆ ದೊಡ್ಡ ಉದ್ಯಾನ ಒಂದಕ್ಕಿಂತ ಬಡಾವಣೆಯ ಸಣ್ಣ ಜಾಗಗಳು ನೂರು ಪಾಲು ಮಿಗಿಲು. ದುರ್ದೈವವೆಂದರೆ ಅವುಗಳಲ್ಲಿ ಹಲವಕ್ಕೆ ಬೀಗ, ಕೆಲವಕ್ಕೆ ಕಸ. ತೆರೆದಿದ್ದಲ್ಲಿಯೂ ಹೆಣ್ಣುಮಕ್ಕಳು ಬರುವಂತಿರುವುದಿಲ್ಲ: ಕತ್ತಲಾದ ಮೇಲೆ ದೀಪವಿಲ್ಲ, ಶೌಚಾಲಯವಿಲ್ಲ. ಬೆನ್ನಿಗೆ ಆಸರೆಯಿಲ್ಲದ ಕಲ್ಲು ಬೆಂಚಿನ ಮೇಲೆ ಎಪ್ಪತ್ತರ ತಾಯಿ ಎಷ್ಟು ಹೊತ್ತು ಕೂಡ್ರಬಲ್ಲಳು?

ಕಾನೂನಿನ ಬಲ ಇಲ್ಲವೆನ್ನುವಂತಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರಿಂದ ಪ್ರತ್ಯೇಕ ಅಧಿನಿಯಮವಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶಕ್ಕೂ ಉದ್ಯಾನದ ಜಾಗ ಸಲ್ಲದೆಂಬುದನ್ನು ಗಮನಿಸಬೇಕು. ಸಮುದಾಯ ಭವನಕ್ಕೋ ಗುಡಿಗೋ ಖುಲ್ಲಾ ಜಾಗ ಕೇಳುವ ನಮ್ಮವರು ಈ ತೀರ್ಪನ್ನು ಒಮ್ಮೆ ಓದಲಿ.

ಭರವಸೆ ಮೂಡಿಸುವ ಯೋಜನೆಯೂ ಒಂದಿದೆ. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ದೇಶದ 12 ನಗರ ಯೋಜನೆಗಳನ್ನು ಆರಿಸಿದಾಗ ಉಣಕಲ್ ನಾಲಾದ ದಂಡೆಗುಂಟ ನಡಿಗೆ ಮತ್ತು ಸೈಕಲ್ಲಿನ ಹಸಿರು ಮಾರ್ಗವೂ ಅದರಲ್ಲಿ ಸೇರಿತು. ನಾಲಾ ಓಣಿಗಳ ಬೆನ್ನಿಗೇ ಹರಿಯುತ್ತದೆ. ಹಾಗಾಗಿ ಐದು ನಿಮಿಷದ ಲೆಕ್ಕಕ್ಕೆ ಇದು ಸರಿಹೊಂದೀತು. ಆದರೆ ನೀರು ಶುದ್ಧವಾಗದೆ ದಂಡೆ ಚೆಂದವಾಗದು, ಕಾಯುವ ಜನರಿಲ್ಲದೆ ದಾರಿ ಉಳಿಯದು.

ಕಾಯುವವರು ಯಾರು ಎಂಬಲ್ಲಿ ಪಾಲಿಕೆಯನ್ನಷ್ಟೇ ದೂರಿದರೆ ಸಾಲದು. ನಮ್ಮ ಮಠಗಳ, ಗುಡಿಗಳ ಅಂಗಳದಲ್ಲಿಯೂ ಬೇವು, ಹುಣಸೆ, ಅರಳಿ ಇದ್ದವು. ಕಲ್ಯಾಣ ಮಂಟಪಕ್ಕೆ, ವಾಹನ ನಿಲುಗಡೆಗೆ ಎಷ್ಟೋ ಮರಗಳು ಉರುಳಿ, ಅಂಗಳಕ್ಕೆ ಫರಸಿ ಬಂದಿದೆ. ಉಳಿದ ಅಂಗಳಗಳ ಬಾಗಿಲನ್ನು ಯಾವ ಜಾತಿ ಮತವೆಂದು ಕೇಳದೆ ಸಂಜೆ ಎರಡು ತಾಸು ತೆರೆದಿಡಬಹುದು. ಪ್ರವಚನವೇ ನಡೆಯಬೇಕೆಂದಿಲ್ಲ. ಹೂವಿನ ಪಾತಿಯೊಂದನ್ನು ಹಿರಿಯರ ಕೈಗೆ ಒಪ್ಪಿಸಿದರೆ ನೀರುಣಿಸುವ ನೆವದಲ್ಲಿ ಅವರು ನಾಳೆಯೂ ಬರುತ್ತಾರೆ.

ಪಾಲಿಕೆಗಳ ಆಸ್ತಿ ಪಟ್ಟಿ ಅಂತಿಮವಾಗುವ ಮುನ್ನ ಭಕ್ತರು ತಮ್ಮ ಬಡಾವಣೆಯ ನಕ್ಷೆ ತರಿಸಿ, ಅದರಲ್ಲಿ ಉದ್ಯಾನವೆಂದು ಗುರುತಿಸಿದ ಜಾಗ ಇಂದು ಯಾವ ಸ್ಥಿತಿಯಲ್ಲಿದೆ ಎಂದು ಹೋಗಿ ನೋಡಬೇಕು. ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಸರ್ವೆ ಸಂಖ್ಯೆಯೊಂದಿಗೆ ಲಿಖಿತ ಅರ್ಜಿ ಸಲ್ಲಿಸಬೇಕು, ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಗೇಟಿಗೆ ಬೀಗವಿದ್ದರೆ ಅದರ ಕೀಲಿ ಯಾರ ಬಳಿಯಿದೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು.