ಲೋವೆಲ್ಲಿನ ಗಂಟೆ

1833ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮ್ಯಾಸಚೂಸೆಟ್ಸ್ ಸಂಸ್ಥಾನದ ಲೋವೆಲ್ ಪಟ್ಟಣಕ್ಕೆ ಭೇಟಿಯಿತ್ತನು. ಅಂದಿನ ಮೆರವಣಿಗೆಯಲ್ಲಿ ಎಲ್ಲರ ಕಣ್ಣನ್ನೂ ಸೆಳೆದವರು ಬಿಳಿಯ ಉಡುಪು ಧರಿಸಿ, ಕೈಯಲ್ಲಿ ಬಿಸಿಲುಗೊಡೆ ಹಿಡಿದು ಸಾಲುಸಾಲಾಗಿ ನಡೆದ ಸುಮಾರು 2,500 ಮಂದಿ ತರುಣಿಯರು. ಅವರು ಸಿರಿವಂತರ ಮನೆಯ ಹೆಣ್ಣುಮಕ್ಕಳಲ್ಲ, ಹತ್ತಿಯ ಗಿರಣಿಯಲ್ಲಿ ದುಡಿಯುವ ಕೂಲಿಗಳು. ಇಂಗ್ಲೆಂಡಿನ ಗಿರಣಿಗಳ ಕಥೆ ಕೇಳಿದ್ದವರಿಗೆ ಇದು ನಂಬಲಾಗದ ನೋಟ. ಗಿರಣಿಯ ಒಡೆಯರ ಎದೆ ಹಿಗ್ಗಿತು. ಎಂಟು ತಿಂಗಳು ಕಳೆಯುವುದರೊಳಗೆ ಅದೇ ಊರಿನ ಬೀದಿಗಳಲ್ಲಿ ಅದೇ ತರುಣಿಯರ ಇನ್ನೊಂದು ಮೆರವಣಿಗೆ ಹೊರಟಿತು. ಅದನ್ನು ಏರ್ಪಡಿಸಿದವರು ಮಾತ್ರ ಒಡೆಯರಲ್ಲ.

ಲೋವೆಲ್ ಎಂಬುದು ಮೊದಲಿಗೆ ಒಬ್ಬ ಮನುಷ್ಯನ ಹೆಸರು. ಬಾಸ್ಟನ್ನಿನ ವರ್ತಕ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ 1810ರಿಂದ 1812ರ ವರೆಗೆ ಬ್ರಿಟನ್ನಿನಲ್ಲಿದ್ದನು. ಯಂತ್ರಗಳ ನಕ್ಷೆಯನ್ನು ದೇಶದಿಂದ ಹೊರಕ್ಕೆ ಒಯ್ಯಕೂಡದೆಂದು ಅಲ್ಲಿ ಕಟ್ಟುನಿಟ್ಟಾದ ಶಾಸನವಿತ್ತು. ಲೋವೆಲ್ ಯಾವ ನಕ್ಷೆಯನ್ನೂ ಒಯ್ಯಲಿಲ್ಲ. ಗಿರಣಿಗಳನ್ನು ಸುತ್ತಿ ನೋಡಿ, ಕಂಡದ್ದನ್ನು ತಲೆಯಲ್ಲಿಟ್ಟುಕೊಂಡು ಹಡಗು ಹತ್ತಿದನು. ತಲೆಯನ್ನು ಶೋಧಿಸುವ ಸುಂಕದ ಕಟ್ಟೆ ಯಾವ ದೇಶದಲ್ಲಿಯೂ ಇಲ್ಲವಷ್ಟೆ! ಪಾಲ್ ಮೂಡಿ ಎಂಬ ಯಂತ್ರಕುಶಲಿಯ ನೆರವಿನಿಂದ 1814ರಲ್ಲಿ ವಾಲ್ತಮ್ ಎಂಬಲ್ಲಿ ಅವನು ನಡೆಸಿದ ಗಿರಣಿಯಲ್ಲಿ ನೂಲುವುದೂ ನೇಯುವುದೂ ಒಂದೇ ಸೂರಿನಡಿ ಯಂತ್ರದಿಂದ ನಡೆಯತೊಡಗಿತು. ಒಂದು ಬಾಗಿಲಲ್ಲಿ ಹತ್ತಿ ಒಳಹೊಕ್ಕರೆ ಇನ್ನೊಂದು ಬಾಗಿಲಲ್ಲಿ ಬಟ್ಟೆ ಹೊರಬರುತ್ತಿತ್ತು.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವುಂಟು. ಆ ಕಾಲದಲ್ಲಿ ಅಮೆರಿಕಕ್ಕೆ ಭಾರತದಿಂದ ಅಗ್ಗದ ಒರಟು ಹತ್ತಿಬಟ್ಟೆ ಹಡಗುಗಟ್ಟಲೆ ಹೋಗುತ್ತಿತ್ತು. ಅದರೊಡನೆ ಪೈಪೋಟಿ ನಡೆಸುವುದು ಹೊಸ ಗಿರಣಿಗೆ ಕಷ್ಟ. ಲೋವೆಲ್ ತಾನೇ ವಾಷಿಂಗ್ಟನ್ನಿಗೆ ಹೋಗಿ ಶಾಸನಕರ್ತರ ಮನವೊಲಿಸಿದನು. 1816ರ ಸುಂಕದ ಶಾಸನವು ಬಟ್ಟೆಯ ನಿಜವಾದ ಬೆಲೆ ಎಷ್ಟೇ ಇರಲಿ, ಗಜಕ್ಕೆ 25 ಸೆಂಟಿಗಿಂತ ಕಡಮೆಯಿದ್ದರೆ ಅದನ್ನು 25 ಸೆಂಟೆಂದೇ ಎಣಿಸಿ, ಅದರ ಮೇಲೆ ಶೇಕಡಾ 25ರಂತೆ ಸುಂಕ ಹೇರಿತು. ಬಟ್ಟೆ ಅಗ್ಗವಾದಷ್ಟೂ ಸುಂಕದ ಹೊರೆ ಹೆಚ್ಚು. ಭಾರತದ ನೇಕಾರನಿಗೆ ಆ ಬಾಗಿಲು ಮುಚ್ಚಿತು. ಮರುವರ್ಷವೇ, 42ನೆಯ ವಯಸ್ಸಿನಲ್ಲಿ, ಲೋವೆಲ್ ತೀರಿಕೊಂಡನು. ಅವನ ಪಾಲುದಾರರು ಮೆರಿಮ್ಯಾಕ್ ನದಿ ಮೂವತ್ತು ಅಡಿಗೂ ಹೆಚ್ಚು ಧುಮುಕುವ ಪಟಕೆಟ್ ಜಲಪಾತದ ಬಳಿ ಹೊಲಗದ್ದೆಗಳನ್ನು ಕೊಂಡು, ಕಾಲುವೆ ತೋಡಿಸಿ, ನೀರಿನ ಬಲದಿಂದ ಗಿರಣಿಗಳನ್ನು ತಿರುಗಿಸಿದರು. 1823ರಲ್ಲಿ ಅಲ್ಲಿ ಮೊದಲ ಬಟ್ಟೆ ಇಳಿಯಿತು. 1826ರಲ್ಲಿ ಊರಿಗೆ ಸತ್ತವನ ಹೆಸರಿಟ್ಟರು. 1840ರ ಹೊತ್ತಿಗೆ ಅದು ಇಪ್ಪತ್ತು ಸಾವಿರ ಜನರ ನಗರವಾಗಿತ್ತು.

ಇಷ್ಟು ಗಿರಣಿಗಳಿಗೆ ಕೈಗಳು ಎಲ್ಲಿಂದ ಬರಬೇಕು? ಗಂಡಸರಿಗೆ ಹೊಲವಿತ್ತು, ಇಲ್ಲದವರಿಗೆ ಪಶ್ಚಿಮದ ಹೊಸ ಭೂಮಿಯ ಆಸೆಯಿತ್ತು. ಮ್ಯಾಂಚೆಸ್ಟರಿನಂಥ ಬಡವರ ಕೇರಿ ತಮ್ಮಲ್ಲಿ ಹುಟ್ಟಬಾರದೆಂದೂ ಒಡೆಯರು ಹೇಳಿಕೊಳ್ಳುತ್ತಿದ್ದರು. ಆದುದರಿಂದ ಅವರು ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್, ಮೇನ್ ಮೊದಲಾದ ಸಂಸ್ಥಾನಗಳ ರೈತರ ಮನೆಯ ಹೆಣ್ಣುಮಕ್ಕಳತ್ತ ಕಣ್ಣು ಹಾಯಿಸಿದರು. ಒಂದೆರಡು ವರ್ಷ ದುಡಿದು, ನಾಲ್ಕು ಕಾಸು ಕೂಡಿಟ್ಟು, ಊರಿಗೆ ಮರಳಿ ಮದುವೆಯಾಗುವ ಹುಡುಗಿಯರು ಇವರು. ಮಗಳನ್ನು ದೂರದ ಊರಿಗೆ ಕಳುಹಿಸಲು ತಂದೆತಾಯಿಗಳಿಗೆ ಧೈರ್ಯ ಬರಬೇಕಲ್ಲ? ಅದಕ್ಕಾಗಿ ಕಂಪನಿಗಳೇ ವಸತಿಗೃಹಗಳನ್ನು ಕಟ್ಟಿಸಿದವು. ಅವುಗಳ ಯಜಮಾನಿಕೆ ಹಲವೆಡೆ ಪ್ರೌಢವಯಸ್ಸಿನ ವಿಧವೆಯರದು. ರಾತ್ರಿ ಹತ್ತಕ್ಕೆ ಬಾಗಿಲು ಭದ್ರ. ಭಾನುವಾರ ದೇವಾಲಯಕ್ಕೆ ಹೋಗುವುದು ಕಡ್ಡಾಯ. ನಡತೆಯಲ್ಲಿ ಲೋಪ ಕಂಡರೆ ಕೆಲಸಕ್ಕೆ ಸಂಚಕಾರ. ಒಂದೊಂದು ಕೋಣೆಯಲ್ಲಿ ನಾಲ್ಕರಿಂದ ಎಂಟು ಜನ, ಹಾಸಿಗೆಯೊಂದಕ್ಕೆ ಇಬ್ಬರು.

ಹಾಗಿದ್ದರೂ ಹುಡುಗಿಯರು ಬಂದರು, ಗಾಡಿ ತುಂಬ ಬಂದರು. ಊಟವಸತಿಯ ವೆಚ್ಚ ವಾರಕ್ಕೆ ಒಂದೂಕಾಲು ಡಾಲರ್ ಕಳೆದರೂ ಕೈಯಲ್ಲಿ ನಗದು ಉಳಿಯುತ್ತಿತ್ತು. ಅದು ಅವಳದೇ ಹಣ. ಆ ಹಣದಿಂದ ಅಣ್ಣನನ್ನು ಕಾಲೇಜಿಗೆ ಕಳುಹಿಸಿದವರುಂಟು, ತಂದೆಯ ಹೊಲದ ಸಾಲ ತೀರಿಸಿದವರುಂಟು. ಮದುವೆಯಾದವಳ ಸಂಪಾದನೆ ಗಂಡನದೆಂದು ಕಾನೂನು ಹೇಳುತ್ತಿದ್ದ ಕಾಲದಲ್ಲಿ ಬ್ಯಾಂಕಿನಲ್ಲಿ ತನ್ನ ಹೆಸರಿನ ಲೆಕ್ಕ ಕಾಣುವುದು ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಶೇಷವೆಂದರೆ ಇವರು ಓದಿದವರು. ಗಿರಣಿಯಲ್ಲಿ ಪುಸ್ತಕ ತರಕೂಡದೆಂಬ ನಿಯಮವಿತ್ತು. ಬೈಬಲ್ ಕೂಡ ಅದಕ್ಕೆ ಹೊರತಾಗಿರಲಿಲ್ಲ. ಹುಡುಗಿಯರು ಪತ್ರಿಕೆಯ ಹಾಳೆಗಳನ್ನು ಕತ್ತರಿಸಿ ತಮ್ಮ ಎದುರಿನ ಕಿಟಕಿಗೆ ಅಂಟಿಸಿ, ಮಗ್ಗ ನೋಡಿಕೊಳ್ಳುತ್ತಲೇ ಕವಿತೆಗಳನ್ನು ಬಾಯಿಪಾಠ ಮಾಡಿದರು. 1840ರಲ್ಲಿ ‘ಲೋವೆಲ್ ಆಫರಿಂಗ್’ ಎಂಬ ಪತ್ರಿಕೆ ಹುಟ್ಟಿತು; ಅದರಲ್ಲಿ ಬರೆಯುವವರೆಲ್ಲ ಗಿರಣಿಯ ಹೆಂಗಸರೇ. 1842ರಲ್ಲಿ ಅಲ್ಲಿಗೆ ಬಂದ ಚಾರ್ಲ್ಸ್ ಡಿಕನ್ಸ್ ವಸತಿಗೃಹಗಳಲ್ಲಿ ಪಿಯಾನೊ, ಹುಡುಗಿಯರು ಚಂದಾ ಕೊಟ್ಟು ನಡೆಸುವ ಪುಸ್ತಕಭಂಡಾರ, ಜೊತೆಗೆ ಈ ಪತ್ರಿಕೆ, ಮೂರನ್ನೂ ಕಂಡು ಬೆರಗಾಗಿ ತನ್ನ ಪ್ರವಾಸಗ್ರಂಥದಲ್ಲಿ ಕೊಂಡಾಡಿದನು. ಡಿಕನ್ಸನು ಅಲ್ಲಿ ಕಳೆದದ್ದು ಒಂದು ದಿನ.

ಉಳಿದ ದಿನಗಳನ್ನು ಆಳುತ್ತಿದ್ದುದು ಗಂಟೆ. ಕನ್ನಡದಲ್ಲಿ ಬಾರಿಸುವ ಗಂಟೆಗೂ ಹೊತ್ತಿನ ಗಂಟೆಗೂ ಒಂದೇ ಮಾತು; ಲೋವೆಲ್ಲಿನಲ್ಲಿ ಎರಡೂ ಒಂದೇ ಆಗಿದ್ದವು. ಏಳಲು ಗಂಟೆ, ಒಳಹೋಗಲು ಗಂಟೆ, ಉಣ್ಣಲು ಗಂಟೆ, ಮಲಗಲು ಗಂಟೆ. ಹೊತ್ತು ಮೂಡುವುದನ್ನೂ ಮುಳುಗುವುದನ್ನೂ ನೋಡಿ ಬೆಳೆದ ಹಳ್ಳಿಯ ಹುಡುಗಿಗೆ ಇದಕ್ಕಿಂತ ಅಪರಿಚಿತವಾದದ್ದು ಬೇರೆ ಇರಲಿಲ್ಲ. ಬೇಸಗೆಯಲ್ಲಿ ಬೆಳಗಿನ ಐದಕ್ಕೆ ಕೆಲಸ ಮೊದಲಾದರೆ ಸಂಜೆ ಏಳಕ್ಕೆ ಮುಗಿಯುತ್ತಿತ್ತು. ನಡುವೆ ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ, ಮಧ್ಯಾಹ್ನದ ಊಟಕ್ಕೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿಯೇ ಓಡಿಹೋಗಿ, ಉಂಡು, ಓಡಿಬರಬೇಕು. ನೂಲು ಹರಿಯದಂತೆ ಗಾಳಿಯಲ್ಲಿ ತೇವವಿರಲೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಹಾರುವ ಹತ್ತಿಯ ಎಳೆ ಎದೆ ಸೇರುತ್ತಿತ್ತು.

ಅಂಥ ಊರಿನಲ್ಲಿ 1834ರ ಫೆಬ್ರವರಿಯಲ್ಲಿ ಕೂಲಿ ಇಳಿಸುವುದಾಗಿ ಪ್ರಕಟಣೆ ಹೊರಟಿತು. ಹುಡುಗಿಯರು ಗುಂಪುಗೂಡಿ ಮಾತನಾಡಿದರು. ಅವರಿಗೆ ಮುಂದಾಳಾಗಿದ್ದ ಒಬ್ಬಳನ್ನು ಗಿರಣಿಯ ಏಜೆಂಟನು ಕೆಲಸದಿಂದ ತೆಗೆದನು. ಅವಳು ಅಂಗಳಕ್ಕೆ ಬಂದು ತನ್ನ ಟೋಪಿಯನ್ನು ಗಾಳಿಯಲ್ಲಿ ಬೀಸಿದಳು. ಕಿಟಕಿಗಳಿಂದ ನೋಡುತ್ತಿದ್ದವರಿಗೆ ಅದೇ ಸಂಕೇತ. ಸುಮಾರು 800 ಮಂದಿ ಹೊರಬಿದ್ದರು. ಒಬ್ಬಳು ಬೀದಿಯ ನೀರಿನ ಪಂಪಿನ ಮೇಲೆ ಹತ್ತಿ ನಿಂತು ಹೆಣ್ಣಿನ ಹಕ್ಕಿನ ವಿಷಯವಾಗಿ ಭಾಷಣ ಮಾಡಿದಳೆಂದು ಬಾಸ್ಟನ್ನಿನ ಪತ್ರಿಕೆ ವರದಿ ಮಾಡಿತು. ಕೆಲವರು ಬ್ಯಾಂಕಿಗೆ ಹೋಗಿ ತಮ್ಮ ಉಳಿತಾಯವನ್ನೆಲ್ಲ ಹಿಂದಕ್ಕೆ ಪಡೆದರು. ತಾವು ಸ್ವತಂತ್ರರ ಮಕ್ಕಳು, ಗುಲಾಮರಲ್ಲ ಎಂಬುದು ಅವರ ಘೋಷಣೆಯ ತಿರುಳು. ಅವರ ಅಜ್ಜಂದಿರು ಬ್ರಿಟನ್ನಿನ ದೊರೆಯ ವಿರುದ್ಧ ಹೋರಾಡಿದವರಷ್ಟೆ. ಕೆಲವೇ ದಿನಗಳಲ್ಲಿ ಮುಷ್ಕರ ಮುರಿದುಬಿತ್ತು. ಕೂಲಿ ಇಳಿಯಿತು.

1836ರ ಅಕ್ಟೋಬರಿನಲ್ಲಿ ಊಟವಸತಿಯ ದರ ಏರಿದಾಗ ಹೊರಬಿದ್ದವರು ಇನ್ನೂ ಹೆಚ್ಚು, 1,500ಕ್ಕೆ ಕಡಮೆಯಿಲ್ಲ. ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹುಡುಗಿಗೆ ಆಗ ಹನ್ನೊಂದು ವರ್ಷ. ತುಂಬಿದ ನೂಲಿನ ಉರುಳೆಗಳನ್ನು ತೆಗೆದು ಬರಿದಾದವನ್ನು ಸಿಕ್ಕಿಸುವುದು ಅವಳ ಕೆಲಸ. ಮೇಲಿನ ಅಂತಸ್ತಿನವರು ಹೊರಟರೂ ಅವಳ ಕೋಣೆಯ ದೊಡ್ಡ ಹುಡುಗಿಯರು ಹೋಗೋಣವೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ಯಾರು ಬಂದರೂ ಬಾರದಿದ್ದರೂ ತಾನು ಹೊರಟೆನೆಂದು ಆ ಹುಡುಗಿ ಬಾಗಿಲ ಕಡೆ ನಡೆದಳು. ತಿರುಗಿ ನೋಡಿದರೆ ಇಡೀ ಕೋಣೆಯೇ ಹಿಂದೆ ಬರುತ್ತಿತ್ತು. ಅವಳ ವಿಧವೆ ತಾಯಿ ಕಂಪನಿಯ ವಸತಿಗೃಹವೊಂದನ್ನು ನಡೆಸುತ್ತಿದ್ದಳು. ದೊಡ್ಡವರನ್ನು ತಡೆಯುವುದು ನಿನ್ನಿಂದಾಗದಿರಬಹುದು, ಸ್ವಂತ ಮಗಳನ್ನೂ ತಡೆಯಲಾಗಲಿಲ್ಲವೇ ಎಂದು ಕೇಳಿ, ಏಜೆಂಟನು ಆ ತಾಯಿಯ ಕೆಲಸ ಕಿತ್ತುಕೊಂಡನು. ಅರುವತ್ತೆರಡು ವರ್ಷಗಳ ಬಳಿಕ ಬರೆದ ನೆನಪುಗಳಲ್ಲಿ ಹ್ಯಾರಿಯೆಟ್ ಇದನ್ನು ಮರೆತಿರಲಿಲ್ಲ. ಈ ಸಲ ಕೆಲವು ಕಂಪನಿಗಳು ಏರಿಸಿದ ದರವನ್ನು ಹಿಂತೆಗೆದುಕೊಂಡವು. ಆದರೆ ಮರುವರ್ಷದ ಆರ್ಥಿಕ ಕುಸಿತದಲ್ಲಿ ಹುಡುಗಿಯರ ಸಂಘ ಅಳಿಯಿತು.

ಗುಲಾಮರಲ್ಲ ಎಂಬ ಆ ಮಾತಿನ ಬಗ್ಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಲೋವೆಲ್ಲಿನ ಕದಿರುಗಳಿಗೆ ಹತ್ತಿ ಬರುತ್ತಿದ್ದುದು ದಕ್ಷಿಣದ ಸಂಸ್ಥಾನಗಳಿಂದ. ಅದನ್ನು ಬೆಳೆದು ಬಿಡಿಸುತ್ತಿದ್ದವರು ನಿಜವಾದ ಗುಲಾಮರು. ಗಿರಣಿಗಳು ನೇಯುತ್ತಿದ್ದ ಒರಟು ಬಟ್ಟೆಯ ಒಂದು ಪಾಲು ಮರಳಿ ಅಲ್ಲಿಗೇ ಹೋಗಿ ಆ ಗುಲಾಮರ ಮೈಗೆ ಉಡುಪಾಗುತ್ತಿತ್ತು. ದಕ್ಷಿಣದಲ್ಲಿ ‘ಲೋವೆಲ್’ ಎಂದರೆ ಊರಲ್ಲ, ಆ ಬಟ್ಟೆಯ ಹೆಸರು! ಇದನ್ನು ಅರಿತ ಹುಡುಗಿಯರೂ ಇದ್ದರು. ಗುಲಾಮಗಿರಿ ತೊಲಗಬೇಕೆಂಬ ಮನವಿಗಳಿಗೆ ಅವರು ಸಹಿ ಹಾಕಿದರು. ಹಗಲೆಲ್ಲ ಅದೇ ಹತ್ತಿಯನ್ನು ನೂತ ಕೈಗಳೇ ರಾತ್ರಿ ಆ ಸಹಿ ಹಾಕಿದವು. ಅವರನ್ನು ಹಳಿಯುವುದು ಸುಲಭ, ಆದರೆ ಲಾಭಾಂಶ ಹೋಗುತ್ತಿದ್ದುದು ಬಾಸ್ಟನ್ನಿಗೆ.

1840ರ ದಶಕದಲ್ಲಿ ಯಂತ್ರಗಳ ವೇಗ ಹೆಚ್ಚಿತು; ಎರಡು ಮಗ್ಗ ನೋಡುತ್ತಿದ್ದವಳು ಮೂರು ನಾಲ್ಕು ನೋಡಬೇಕಾಯಿತು. ಹೆಚ್ಚು ಕೆಲಸ ತೆಗೆದ ಮೇಲ್ವಿಚಾರಕನಿಗೆ ಬಹುಮಾನ. ಈ ಹೊತ್ತಿನಲ್ಲಿ ಮುಂದೆ ಬಂದವಳು ಸಾರಾ ಬ್ಯಾಗ್ಲಿ. ನ್ಯೂ ಹ್ಯಾಂಪ್‌ಷೈರಿನಲ್ಲಿ 1806ರಲ್ಲಿ ಹುಟ್ಟಿದ ಈಕೆ ಮೂವತ್ತು ದಾಟಿದ ಮೇಲೆ ಗಿರಣಿ ಸೇರಿದವಳು. 1840ರಲ್ಲಿ ಈಕೆಯೇ ‘ಆಫರಿಂಗ್’ ಪತ್ರಿಕೆಯಲ್ಲಿ ಗಿರಣಿ ಜೀವನದ ಸುಖಗಳ ಕುರಿತು ಲೇಖನ ಬರೆದಿದ್ದಳು. ನಾಲ್ಕು ವರ್ಷಗಳಲ್ಲಿ ಸುಖದ ಪಟ್ಟಿ ಬರಿದಾಗಿರಬೇಕು. 1844ರ ಡಿಸೆಂಬರಿನಲ್ಲಿ ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಸ್ಥಾಪನೆಯಾದಾಗ ಅದರ ಅಧ್ಯಕ್ಷೆಯಾದವಳು ಈಕೆ. ಈ ಸಲ ಮುಷ್ಕರವಿಲ್ಲ. ದಿನಕ್ಕೆ ಹತ್ತು ಗಂಟೆ ಮೀರಿ ದುಡಿಸಬಾರದೆಂಬ ಶಾಸನ ಬೇಕೆಂದು ಸಾವಿರಾರು ಸಹಿಗಳೊಡನೆ ಸಂಸ್ಥಾನದ ಶಾಸನಸಭೆಗೆ ಮನವಿ ಹೋಯಿತು.

ಶಾಸನಸಭೆ ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷನು ವಿಲಿಯಂ ಷೌಲರ್, ಲೋವೆಲ್ಲಿನ ಪ್ರತಿನಿಧಿ, ಗಿರಣಿಗಳ ಪರವಾದ ಪತ್ರಿಕೆಯೊಂದರ ಒಡೆಯ. ಮನವಿದಾರರಲ್ಲಿ ಹೆಂಗಸರೇ ಹೆಚ್ಚಾಗಿರುವುದರಿಂದ ಅವರೇ ಬಂದು ಸಾಕ್ಷಿ ಹೇಳಬೇಕೆಂದು ಅವನು ತಿಳಿಸಿದನು. ಸಭೆಯಲ್ಲಿ ಹೆಂಗಸರು ಬಾಯಿ ತೆರೆಯುವುದೇ ಅಸಭ್ಯವೆನಿಸಿದ್ದ ಕಾಲ. ಬರಲಾರರೆಂದು ಅವನು ನಂಬಿದ್ದರೆ ಆಶ್ಚರ್ಯವಿಲ್ಲ. ಅವರು ಬಂದರು. 1845ರ ಫೆಬ್ರವರಿ 13ರಂದು ಬಾಸ್ಟನ್ನಿನಲ್ಲಿ ವಿಚಾರಣೆ ನಡೆಯಿತು. ಎಲೈಜಾ ಹೆಮಿಂಗ್‌ವೇ ಎಂಬಾಕೆ ತನ್ನ ಕೋಣೆಯ ದೀಪಗಳನ್ನು ಎಣಿಸಿ ತಂದಿದ್ದಳು: ಕತ್ತಲೆಯ ಕೆಲಸಕ್ಕಾಗಿ 293 ಸಣ್ಣ ದೀಪ, 61 ದೊಡ್ಡ ದೀಪ, ಆ ಹೊಗೆಯಲ್ಲಿ ಉಸಿರಾಡುವವರು ಸುಮಾರು 130 ಹೆಂಗಸರು, 11 ಗಂಡಸರು, 12 ಮಕ್ಕಳು. ಬ್ಯಾಗ್ಲಿಯೂ ಸಾಕ್ಷಿ ನುಡಿದಳು.

ಸಮಿತಿಯವರು ಲೋವೆಲ್ಲಿಗೂ ಹೋಗಿ ಬಂದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅಂಗಳದ ಹಸುರು ಹುಲ್ಲು ಮತ್ತು ಹೂವಿನ ಗಿಡಗಳು. ಅವರ ವರದಿಯ ಕೋಷ್ಟಕವೇ ಬೇರೆ ಕಥೆ ಹೇಳುತ್ತದೆ: ಜನವರಿಯಲ್ಲಿ ದಿನಕ್ಕೆ ಸರಾಸರಿ 11 ಗಂಟೆ 24 ನಿಮಿಷ, ಏಪ್ರಿಲಿನಲ್ಲಿ 13 ಗಂಟೆ 31 ನಿಮಿಷ. ಕುಂದುಕೊರತೆಗಳಿಲ್ಲವೆಂದು ಅವರೂ ಹೇಳಲಿಲ್ಲ. ಆದರೆ ಪರಿಹಾರ ಶಾಸನಸಭೆಯ ಕೈಯಲ್ಲಿಲ್ಲ, ಒಡೆಯರೂ ಕೆಲಸಗಾರರೂ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಬೇಕು ಎಂದು ಕೈತೊಳೆದುಕೊಂಡರು. ಕೇಳದೆ ಬಿಟ್ಟುಹೋದವಳ ಹೆಸರನ್ನು ಎಲ್ಲ ಗಿರಣಿಗಳ ಕಪ್ಪುಪಟ್ಟಿಗೆ ಸೇರಿಸುವ ಒಡೆಯರೊಡನೆ ಮಾತುಕತೆ!

ಮತದ ಹಕ್ಕಿಲ್ಲದ ಹೆಂಗಸರು ಷೌಲರನನ್ನು ಸೋಲಿಸಲು ಪಣತೊಟ್ಟರು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಅವನು ಸೋತನು. ಸಂಘವು ಊರಿನ ಮತದಾರರಿಗೆ ಬಹಿರಂಗವಾಗಿ ವಂದನೆ ಸಲ್ಲಿಸಿತು. 1846ರ ಮನವಿಗೆ ಇನ್ನೂ ಹೆಚ್ಚು ಸಹಿಗಳಿದ್ದವು; ಉತ್ತರ ಮಾತ್ರ ಹಳೆಯದೇ. 1847ರಲ್ಲಿ ನೆರೆಯ ನ್ಯೂ ಹ್ಯಾಂಪ್‌ಷೈರ್ ಹತ್ತು ಗಂಟೆಯ ಶಾಸನ ಮಾಡಿತು, ವಿಶೇಷ ಕರಾರಿದ್ದರೆ ಹೆಚ್ಚು ದುಡಿಸಬಹುದೆಂಬ ಒಂದು ಸಾಲನ್ನೂ ಸೇರಿಸಿತು. ಗಿರಣಿಗಳು ಎಲ್ಲರಿಂದಲೂ ಆ ಕರಾರಿಗೆ ಸಹಿ ಬೇಡಿದವು. ಅಷ್ಟರಲ್ಲಿ ರೈತರ ಹೆಣ್ಣುಮಕ್ಕಳು ಲೋವೆಲ್ಲನ್ನು ಬಿಡತೊಡಗಿದ್ದರು. ಐರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡು ಬಂದವರು ಅವರ ಮಗ್ಗಗಳ ಮುಂದೆ ನಿಂತರು. 1853ರಲ್ಲಿ ಕಂಪನಿಗಳು ತಾವಾಗಿ ಹನ್ನೊಂದು ಗಂಟೆಗೆ ಇಳಿದವು. ಮ್ಯಾಸಚೂಸೆಟ್ಸಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಹತ್ತು ಗಂಟೆಯ ಶಾಸನ ಬಂದದ್ದು 1874ರಲ್ಲಿ, ಆ ವಿಚಾರಣೆಯಾಗಿ ಇಪ್ಪತ್ತೊಂಬತ್ತು ವರ್ಷಗಳ ಮೇಲೆ.

ಸಾರಾ ಬ್ಯಾಗ್ಲಿ ಆ ವೇಳೆಗೆ ಗಿರಣಿಯಿಂದ ಬಹು ದೂರ ಹೋಗಿದ್ದಳು. 1846ರಲ್ಲಿ ಲೋವೆಲ್ಲಿಗೆ ತಂತಿ ಬಂದಾಗ ಆ ಕಚೇರಿಯನ್ನು ನೋಡಿಕೊಳ್ಳಲು ಆಕೆಯನ್ನೇ ನೇಮಿಸಿದರು. ತಂತಿಯ ಕೆಲಸ ಮಾಡಿದ ಮೊಟ್ಟಮೊದಲ ಹೆಂಗಸರಲ್ಲಿ ಆಕೆಯೊಬ್ಬಳು. ಮುಂದೆ ಸ್ಪ್ರಿಂಗ್‌ಫೀಲ್ಡಿನ ಕಚೇರಿಗೆ ಹೋದಾಗ, ಅದೇ ಕೆಲಸಕ್ಕೆ ಹಿಂದೆ ಗಂಡಸಿಗೆ ಸಿಗುತ್ತಿದ್ದ ಸಂಬಳ ತನ್ನದಕ್ಕಿಂತ ಹೆಚ್ಚಾಗಿತ್ತೆಂಬುದು ಆಕೆಗೆ ತಿಳಿಯಿತು. 1850ರಲ್ಲಿ ಜೇಮ್ಸ್ ಡರ್ನೊ ಎಂಬುವನನ್ನು ಮದುವೆಯಾಗಿ, ಆಲ್ಬನಿ ನಗರದಲ್ಲಿ ಅವನೊಡನೆ ಹೋಮಿಯೋಪತಿ ಚಿಕಿತ್ಸೆ ನಡೆಸಿದಳು. ಉಳ್ಳವರಿಗೆ ಶುಲ್ಕ ಒಂದು ಡಾಲರ್, ಬಡವರಿಗೆ ಉಚಿತ.