ಪವಾಡವೆಂಬ ಅಪವಾದ

ಹೊಗಳಿಕೆಯ ವೇಷದಲ್ಲಿ ಬರುವ ನಿಂದೆಗೆ ಅಲಂಕಾರಶಾಸ್ತ್ರದವರು ವ್ಯಾಜಸ್ತುತಿಯೆಂದು ಹೆಸರಿಟ್ಟಿರುವರು. ಅಲ್ಲಿ ನಿಂದಿಸುವವನಿಗೆ ತಾನು ನಿಂದಿಸುತ್ತಿರುವೆನೆಂಬ ಅರಿವು ಇದ್ದೇ ಇರುತ್ತದೆ. ಆ ಅರಿವಿಲ್ಲದೆ, ನಿಜವಾದ ಪ್ರೀತಿಯಿಂದಲೇ, ಒಂದು ದೊಡ್ಡ ರಾಷ್ಟ್ರದ ಜನರು ತಮ್ಮ ೨೦ ಮಂದಿ ತರುಣರನ್ನು ನಾಲ್ಕು ದಶಕಗಳಿಗೂ ಮಿಕ್ಕು ಹೀಗೆ ನಿಂದಿಸುತ್ತ ಬಂದಿರುವ ನಿದರ್ಶನವೊಂದುಂಟು. ನಿಂದೆಯೆಲ್ಲ ಒಂದೇ ಪದದಲ್ಲಿ ಅಡಗಿದೆ. ಆ ಪದ 'ಪವಾಡ'.

೧೯೮೦ನೆಯ ಇಸವಿ ಫೆಬ್ರುವರಿ ೨೨ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಲೇಕ್ ಪ್ಲಾಸಿಡ್ ಎಂಬ ಚಿಕ್ಕ ಊರಿನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ, ಕಾಲೇಜುಗಳಿಂದ ಆರಿಸಿ ಕಟ್ಟಿದ ಅಮೆರಿಕನ್ ಹಾಕಿ ತಂಡವು ಸೋವಿಯೆತ್ ಒಕ್ಕೂಟದ ತಂಡವನ್ನು ೪–೩ ಗೋಲುಗಳಿಂದ ಸೋಲಿಸಿತು. ಕೊನೆಯ ಕ್ಷಣಗಳು ಜಾರುತ್ತಿದ್ದಾಗ ಟೆಲಿವಿಷನ್ನಿನ ವಿವರಣಕಾರರಾದ ಅಲ್ ಮೈಕಲ್ಸ್ ಅವರು, ಪವಾಡಗಳಲ್ಲಿ ನಂಬಿಕೆಯುಂಟೆ ಎಂದು ನೋಡುವವರನ್ನು ಕೇಳಿ, ಉಂಟೆಂಬ ಉತ್ತರವನ್ನೂ ತಾವೇ ಕೂಗಿ ಹೇಳಿದರು. ಅಂದಿನಿಂದ ಆ ಪಂದ್ಯಕ್ಕೆ 'ಮಂಜಿನ ಮೇಲಣ ಪವಾಡ'ವೆಂಬ ಹೆಸರೇ ನಿಂತುಹೋಯಿತು. ೨೦೦೪ರಲ್ಲಿ ಬಂದ ಚಲನಚಿತ್ರಕ್ಕೂ ಪವಾಡವೆಂದೇ ಹೆಸರು. ಆ ಮಾತು ಸುಳ್ಳು. ಅದರಿಂದ ಆಡಿದವರಿಗೆ ಅನ್ಯಾಯವಾಯಿತು, ನೋಡುವವರ ಬುದ್ಧಿಯೂ ಕೆಟ್ಟಿತು.

ಹುಲ್ಲಿನ ಬಯಲಿನ ಹಾಕಿಯನ್ನು ಮಾತ್ರ ಬಲ್ಲ ವಾಚಕರಿಗೆ ಈ ಆಟದ ಪರಿಚಯ ಕೊಂಚ ಅವಶ್ಯ. ಇಲ್ಲಿ ನೆಲವೇ ಮಂಜುಗಡ್ಡೆ; ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ; ಕಾಲಿಗೆ ಉಕ್ಕಿನ ಅಲಗುಳ್ಳ ಪಾದರಕ್ಷೆ. ಗೋಲು ಕಾಯುವವನೂ ಸೇರಿ ಒಂದೊಂದು ಪಕ್ಷದಲ್ಲಿ ಆರು ಮಂದಿ ಏಕಕಾಲದಲ್ಲಿ ಕಣದಲ್ಲಿರುವರು. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಅಮೆರಿಕದಲ್ಲಿ ಈ ಆಟಕ್ಕೆ ಕಾಲೇಜುಗಳು ದೊಡ್ಡ ಆಸರೆ. ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯು ೧೯೪೮ರಿಂದಲೇ ನಡೆದುಬಂದಿದೆ. ೧೯೮೦ರ ಒಲಿಂಪಿಕ್ ತಂಡದ ೨೦ ಮಂದಿಯಲ್ಲಿ ೯ ಮಂದಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆಡಿ ಬಂದವರು, ೪ ಮಂದಿ ಬಾಸ್ಟನ್ ವಿಶ್ವವಿದ್ಯಾನಿಲಯದವರು. ಉಳಿದವರು ವಿಸ್ಕಾನ್ಸಿನ್, ಉತ್ತರ ಡಕೋಟ, ಬೌಲಿಂಗ್ ಗ್ರೀನ್, ಮಿನ್ನೆಸೋಟ-ಡುಲೂತ್ ಎಂಬ ವಿದ್ಯಾಸಂಸ್ಥೆಗಳವರು. ಅವರ ಎದುರಾಳಿಗಳಾದರೋ ೧೯೬೪ರಿಂದ ೧೯೭೬ರ ವರೆಗೆ ಸಾಲಾಗಿ ನಾಲ್ಕು ಒಲಿಂಪಿಕ್ಕುಗಳಲ್ಲಿ ಚಿನ್ನವನ್ನು ಗೆದ್ದ ದೇಶದವರು. ಹೆಸರಿಗೆ ಸೈನಿಕರು, ನೌಕರರು. ಕೆಲಸದಲ್ಲಿ ವರ್ಷವಿಡೀ ಹಾಕಿಯೊಂದನ್ನೇ ಕಸಬು ಮಾಡಿಕೊಂಡವರು. ಇಂಥವರನ್ನು ವಿದ್ಯಾರ್ಥಿಗಳು ಸೋಲಿಸಿದಾಗ ಜನರು ಬೆರಗಾದದ್ದು ಸಹಜ. ಬೆರಗಾಗುವುದು ತಪ್ಪಲ್ಲ, ಬೆರಗನ್ನೇ ಕಾರಣವೆಂದು ತಿಳಿಯುವುದು ತಪ್ಪು.

ಕಾರಣವನ್ನು ಹುಡುಕುವವರು ಹಿಂದಿನ ವರ್ಷಕ್ಕೆ ಹೋಗಬೇಕು. ತಂಡದ ಶಿಕ್ಷಕರಾದ ಹರ್ಬ್ ಬ್ರೂಕ್ಸ್ ಅವರು ಮಿನ್ನೆಸೋಟ ವಿಶ್ವವಿದ್ಯಾನಿಲಯಕ್ಕೆ ೧೯೭೪, ೧೯೭೬, ೧೯೭೯ ಹೀಗೆ ಮೂರು ಸಲ ಕಾಲೇಜು ಪ್ರಶಸ್ತಿಯನ್ನು ತಂದುಕೊಟ್ಟಿದ್ದವರು. ೧೯೬೦ರಲ್ಲಿ ಅಮೆರಿಕನ್ ಒಲಿಂಪಿಕ್ ತಂಡದಿಂದ ಕಟ್ಟಕಡೆಯಲ್ಲಿ ಕೈಬಿಡಲ್ಪಟ್ಟವರು ಅವರೇ. ಆ ತಂಡ ಸೋವಿಯೆತ್ತರನ್ನೂ ಸೋಲಿಸಿ ಚಿನ್ನವನ್ನು ಗೆದ್ದಿತು. ಆದುದರಿಂದ, ಅಮೆರಿಕನ್ನರು ಸೋವಿಯೆತ್ತರನ್ನು ಸೋಲಿಸುವುದು ಸೃಷ್ಟಿನಿಯಮಕ್ಕೆ ವಿರುದ್ಧವಾದ ಸಂಗತಿಯಲ್ಲವೆಂಬುದನ್ನು ಬ್ರೂಕ್ಸ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋವಿಯೆತ್ತರು ಎದುರಾಳಿಗಳನ್ನು ಮುಗಿಸುವುದು ಮೂರನೆಯ ಅವಧಿಯಲ್ಲಿ, ಎದುರಿನವರ ಕಾಲು ಸೋತಾಗ, ಎಂಬುದನ್ನು ಅವರು ಕಂಡುಕೊಂಡಿದ್ದರು. ಹಾಗಾದರೆ ಮೂರನೆಯ ಅವಧಿಯಲ್ಲಿ ಕಾಲು ಸೋಲದ ಹುಡುಗರು ಬೇಕು. ಬಿಲ್ಲೆಯನ್ನು ಕುರುಡಾಗಿ ಮುಂದಕ್ಕೆ ಎಸೆದು ಅದರ ಹಿಂದೆ ಓಡುವ ಹಳೆಯ ಪದ್ಧತಿಯನ್ನು ಬಿಟ್ಟು, ಬಿಲ್ಲೆಯನ್ನು ತಮ್ಮಲ್ಲೇ ಉಳಿಸಿಕೊಂಡು ಹೆಣೆಯುತ್ತ ಸಾಗುವ ಯೂರೋಪಿನ ಪದ್ಧತಿಯನ್ನು ಕಲಿಯತಕ್ಕ ಹುಡುಗರು ಬೇಕು. ಆಯ್ಕೆ ನಡೆದದ್ದು ಈ ಎರಡು ಗುಣಗಳಿಗಾಗಿ.

ಆರಿಸಿದ ಮಾತ್ರಕ್ಕೆ ತಂಡವಾಗಲಿಲ್ಲ. ಮಿನ್ನೆಸೋಟದವರಿಗೂ ಬಾಸ್ಟನ್ನಿನವರಿಗೂ ಹಳೆಯ ಹಗೆ. ೧೯೭೬ರ ಕಾಲೇಜು ಪಂದ್ಯಾವಳಿಯಲ್ಲಿ ಎರಡು ತಂಡಗಳೂ ಕಣದಲ್ಲಿಯೇ ಬಡಿದಾಡಿಕೊಂಡಿದ್ದವು. ಬ್ರೂಕ್ಸ್ ಅವರು ಈ ಹಗೆಯನ್ನು ಉಪದೇಶದಿಂದ ಕಳೆಯಲಿಲ್ಲ. ಎಲ್ಲರೂ ಕೂಡಿ ದ್ವೇಷಿಸುವುದಕ್ಕೆ ತಮ್ಮನ್ನೇ ಗುರಿಯಾಗಿ ಒಡ್ಡಿಕೊಂಡರು. ೧೯೭೯ರ ಸೆಪ್ಟೆಂಬರಿನಲ್ಲಿ ನಾರ್ವೆಯ ರಾಜಧಾನಿ ಆಸ್ಲೋವಿನಲ್ಲಿ, ತಮಗಿಂತ ಬಡ ತಂಡವೊಂದರ ಜೊತೆಗೆ ಈ ಹುಡುಗರು ಉದಾಸೀನದಿಂದ ಆಡಿ ೩–೩ರಲ್ಲಿ ಸಮವಾದರು. ಪಂದ್ಯ ಮುಗಿದಮೇಲೆ ಅವರನ್ನು ಬ್ರೂಕ್ಸ್ ಅವರು ಮನೆಗೆ ಕಳುಹಿಸಲಿಲ್ಲ. ಕಣದ ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ ಓಡಿಸಿದರು. ಪ್ರೇಕ್ಷಕರು ಹೊರಟುಹೋದರು, ಕಣದ ಕೆಲಸದವರು ದೀಪಗಳನ್ನು ಆರಿಸಿದರು, ಓಟ ನಿಲ್ಲಲಿಲ್ಲ. ಒಲಿಂಪಿಕ್ಕಿಗೆ ಮೊದಲು ತಂಡವು ೬೧ ಅಭ್ಯಾಸ ಪಂದ್ಯಗಳನ್ನು ಆಡಿತು. ಇಷ್ಟೆಲ್ಲ ಬೆವರು ಸುರಿದಮೇಲೆ ಬಂದ ಫಲಕ್ಕೆ ಪವಾಡವೆಂದು ಹೆಸರಿಡುವುದು, ರೈತನ ಕಣಜವನ್ನು ನೋಡಿ ಭತ್ತವು ಆಕಾಶದಿಂದ ಬಿದ್ದಿತೆಂದು ಹೇಳಿದಂತೆ.

ಇದಕ್ಕೆ ಪ್ರತಿಯಾಗಿ ಅಭಿಮಾನಿಗಳು ಎರಡು ಲೆಕ್ಕಗಳನ್ನು ಮುಂದಿಡುವುದುಂಟು. ಒಲಿಂಪಿಕ್ಕಿಗೆ ಮೂರೇ ದಿನ ಮೊದಲು, ಫೆಬ್ರುವರಿ ೯ರಂದು, ನ್ಯೂಯಾರ್ಕ್ ನಗರದಲ್ಲಿ ಇದೇ ಸೋವಿಯೆತ್ ತಂಡ ಇದೇ ಅಮೆರಿಕನ್ ತಂಡವನ್ನು ೧೦–೩ರಿಂದ ಸದೆಬಡಿದಿತ್ತು. ಲೇಕ್ ಪ್ಲಾಸಿಡ್ಡಿನಲ್ಲಿಯೂ ಸೋವಿಯೆತ್ತರು ಗೋಲಿನತ್ತ ೩೯ ಸಲ ಹೊಡೆದರು, ಅಮೆರಿಕನ್ನರು ೧೬ ಸಲ ಮಾತ್ರ. ಇದು ಪವಾಡವಲ್ಲದಿದ್ದರೆ ಮತ್ತೇನೆಂದು ಅವರು ಕೇಳುವರು.

ಲೆಕ್ಕಗಳು ನಿಜ, ಅವುಗಳಿಂದ ತೆಗೆಯುವ ಸಿದ್ಧಾಂತ ಮಾತ್ರ ಹುರುಳಿಲ್ಲದ್ದು. ೩೯ ಹೊಡೆತಗಳಲ್ಲಿ ೩೬ನ್ನು ತಡೆದವನು ಜಿಮ್ ಕ್ರೇಗ್ ಎಂಬ ಗೋಲುಕಾವಲಿನ ತರುಣ. ತಡೆದದ್ದು ತನ್ನ ಕೈಕಾಲುಗಳಿಂದ. ಮೊದಲನೆಯ ಅವಧಿ ಮುಗಿಯುವುದಕ್ಕೆ ಒಂದೇ ಕ್ಷಣ ಉಳಿದಿದ್ದಾಗ ಬಂದ ಎರಡನೆಯ ಗೋಲನ್ನು ನೋಡಬೇಕು. ದೂರದಿಂದ ಬಂದ ಹೊಡೆತವೊಂದು ಸೋವಿಯೆತ್ ಕಾವಲುಗಾರ ತ್ರೆತಿಯಾಕರಿಗೆ ತಗುಲಿ ಹಿಂದಕ್ಕೆ ಚಿಮ್ಮಿತು. ಅವಧಿ ಮುಗಿದಂತೆಯೇ ಎಂದು ಸೋವಿಯೆತ್ ರಕ್ಷಕರು ಸಡಿಲಾದರು. ಮಾರ್ಕ್ ಜಾನ್ಸನ್ ಸಡಿಲಾಗಲಿಲ್ಲ. ಅವರು ನಡುವೆ ನುಗ್ಗಿ ಬಿಲ್ಲೆಯನ್ನು ಗೋಲಿಗೆ ಸೇರಿಸಿದರು. ಇಬ್ಬರು ನಿಂತಾಗ ಒಬ್ಬನು ಓಡುತ್ತಿದ್ದನು; ಇಲ್ಲಿ ದೇವರ ಕೈ ಎಲ್ಲಿಂದ ಬಂದಿತು? ಆ ಗೋಲಿನಿಂದ ಕೋಪಗೊಂಡ ಸೋವಿಯೆತ್ ಶಿಕ್ಷಕ ತಿಖೊನೊವರು ಜಗತ್ತಿನಲ್ಲೇ ಶ್ರೇಷ್ಠನೆನಿಸಿದ್ದ ತ್ರೆತಿಯಾಕರನ್ನು ಹಿಂದಕ್ಕೆ ಕರೆದು ಮಿಶ್ಕಿನ್ ಎಂಬುವರನ್ನು ನಿಲ್ಲಿಸಿದರು. ಅದು ತಮ್ಮ ದೊಡ್ಡ ತಪ್ಪೆಂದು ಅನಂತರ ಅವರೇ ಒಪ್ಪಿಕೊಂಡರು. ತಪ್ಪು ಮಾಡುವವರು ಮನುಷ್ಯರು; ಮನುಷ್ಯರನ್ನು ಸೋಲಿಸುವುದಕ್ಕೆ ಪವಾಡ ಬೇಕಾಗಿಲ್ಲ. ಮೂರನೆಯ ಅವಧಿಯಲ್ಲಿ, ಕಾಲು ಸೋಲಬೇಕಾಗಿದ್ದ ಹೊತ್ತಿನಲ್ಲಿಯೇ, ಜಾನ್ಸನ್ ಮತ್ತು ನಾಯಕ ಮೈಕ್ ಎರುಜಿಯೋನ್ ಇಬ್ಬರೂ ಒಂದೂವರೆ ನಿಮಿಷದೊಳಗೆ ಎರಡು ಗೋಲುಗಳನ್ನು ಹೊಡೆದರು. ಉಳಿದ ಹತ್ತು ನಿಮಿಷ ಸೋವಿಯೆತ್ತರು ಸಮಗೊಳಿಸಲಾರದೆ ಹೋದರು. ಆಸ್ಲೋವಿನ ಕತ್ತಲಲ್ಲಿ ಬಿತ್ತಿದ್ದು ಇಲ್ಲಿ ಬೆಳೆಯಾಯಿತು.

ಇನ್ನು ವಿವರಣೆಯ ಮಾತು. ಮೈಕಲ್ಸ್ ಅವರನ್ನು ದೂಷಿಸುವುದು ನ್ಯಾಯವಾಗದು. ಅವರು ಅದಕ್ಕೆ ಮೊದಲು ಹಾಕಿಯ ವಿವರಣೆಯನ್ನು ಕೊಟ್ಟಿದ್ದುದು ಒಂದೇ ಸಲ, ೧೯೭೨ರ ಸಪ್ಪೊರೊ ಒಲಿಂಪಿಕ್ಕಿನಲ್ಲಿ. ಆ ಮಾತು ಮೊದಲೇ ಬರೆದಿಟ್ಟುಕೊಂಡದ್ದಲ್ಲವೆಂದು ಅವರು ಹೇಳಿರುವರು. ಕೇಳಿದವರಿಗೂ ಹಾಗೆಯೇ ತೋರುವುದು. ಅವರ ಪಕ್ಕದಲ್ಲಿ ಕುಳಿತು ಆಟದ ಮರ್ಮವನ್ನು ಬಿಡಿಸಿ ಹೇಳುತ್ತಿದ್ದವರು ಕೆನ್ ಡ್ರೈಡನ್. ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ೧೯೬೭ರಲ್ಲಿ ಕಾಲೇಜು ಪ್ರಶಸ್ತಿಯನ್ನು ಗೆದ್ದುಕೊಟ್ಟ ತಂಡದ ಗೋಲುಕಾವಲುಗಾರರು. ಇಬ್ಬರೂ ಆ ಸಂಜೆ ಆಟವನ್ನು ಕಂಡಂತೆಯೇ ಹೇಳಿದರು. ಪಂದ್ಯ ಮುಗಿದ ಮೇಲೆ ಮೈಕಲ್ಸ್ ಅವರು ಬಾಯಿ ಮುಚ್ಚಿ, ಜನರ ಕೂಗಿಗೆ ಎಡೆಗೊಟ್ಟರು. ವಿವರಣಕಾರರಲ್ಲಿ ಅಪೂರ್ವವಾದ ವಿವೇಕವಿದು. ಎರಡೂವರೆ ಗಂಟೆಯ ಹೊತ್ತು ಆಡಿದ ನಿಜವಾದ ಮಾತುಗಳನ್ನೆಲ್ಲ ಮರೆತು, ಉದ್ವೇಗದಲ್ಲಿ ಹೊರಬಿದ್ದ ಒಂದು ವಾಕ್ಯವನ್ನು ಮಾತ್ರ ಹೆಕ್ಕಿ ಜಪಮಾಲೆ ಮಾಡಿಕೊಂಡವರು ಅಭಿಮಾನಿಗಳು, ಪತ್ರಿಕೆಯವರು, ಚಿತ್ರ ತೆಗೆಯುವವರು. ಅಪರಾಧ ಅವರದು.

ಹಾಗೆ ಹೆಕ್ಕಿಕೊಳ್ಳುವುದಕ್ಕೆ ಕಾರಣವೂ ಇತ್ತು. ೧೯೭೯ರ ನವೆಂಬರಿನಲ್ಲಿ ಟೆಹರಾನಿನ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರು ಸೆರೆಸಿಕ್ಕಿದ್ದರು. ಡಿಸೆಂಬರಿನಲ್ಲಿ ಸೋವಿಯೆತ್ ಸೇನೆ ಅಫಘಾನಿಸ್ತಾನವನ್ನು ಹೊಕ್ಕಿತ್ತು. ನೊಂದ ಜನರಿಗೆ ಸಮಾಧಾನ ಬೇಕಾಗಿತ್ತು. ಪಂದ್ಯ ನಡೆದದ್ದು ಸಂಜೆ ೫ ಗಂಟೆಗೆ. ದೇಶದ ಬಹುಮಂದಿ ಅದನ್ನು ಟೆಲಿವಿಷನ್ನಿನಲ್ಲಿ ಕಂಡದ್ದು ರಾತ್ರಿ, ಮುದ್ರಿಸಿಟ್ಟುಕೊಂಡ ಚಿತ್ರದಲ್ಲಿ. ಮುಗಿದುಹೋದ ಆಟವನ್ನು ನೋಡುತ್ತ ಅವರು ಪವಾಡಕ್ಕಾಗಿ ಕಾದು ಕುಳಿತಿದ್ದರು! ಜನರ ನೋವು ದೊಡ್ಡದು, ಸಂದೇಹವಿಲ್ಲ. ತಮ್ಮ ನೋವಿನ ಮದ್ದಿಗಾಗಿ ಪರರ ದುಡಿಮೆಯ ಹೆಸರನ್ನು ಅಳಿಸುವ ಅಧಿಕಾರವು ಅದರಿಂದ ಯಾರಿಗೂ ಬಾರದು.

ಅದು ಬರಿಯ ಅತಿಶಯೋಕ್ತಿ, ಅಲಂಕಾರ. ಅಲಂಕಾರದ ಮೇಲೆ ಇಷ್ಟು ಕೋಪವೇಕೆಂದು ಸಾಹಿತ್ಯಜ್ಞರಾದವರು ಕೇಳಬಹುದು. ಅತಿಶಯೋಕ್ತಿಯು ಆಡಿದ ಗಳಿಗೆಯಲ್ಲಿ ಶೋಭಿಸುತ್ತದೆ. ಶಾಶ್ವತವಾದ ಹೆಸರಾಗಿ ನಿಂತಾಗ ಇತಿಹಾಸವಾಗಿಬಿಡುತ್ತದೆ. ಈ ಪಂದ್ಯದಲ್ಲಿಯೇ ಚಿನ್ನ ದೊರೆಯಿತೆಂದು ನಂಬಿರುವ ಅಭಿಮಾನಿಗಳು ಇಂದಿಗೂ ಉಂಟು. ದೊರೆತದ್ದು ಎರಡು ದಿನಗಳ ಮೇಲೆ, ಫಿನ್ಲೆಂಡಿನವರನ್ನು ೪–೨ರಿಂದ ಗೆದ್ದಾಗ. ಅಲ್ಲಿಯೂ ಎರಡನೆಯ ಅವಧಿಯ ಕೊನೆಗೆ ೧–೨ರಿಂದ ಹಿಂದೆ ಬಿದ್ದಿದ್ದು, ಮೂರನೆಯ ಅವಧಿಯಲ್ಲಿ ಮೂರು ಗೋಲುಗಳನ್ನು ಹೊಡೆದು. ಈ ಪಂದ್ಯವನ್ನು ನೆನೆಯುವವರು ಕೆಲವರೇ. ಏಕೆಂದರೆ ಅದಕ್ಕೆ ಪವಾಡವೆಂಬ ಪಟ್ಟ ಸಿಕ್ಕಲಿಲ್ಲ. ಹಾಗೆಯೇ ಸೋವಿಯೆತ್ತರೊಡನೆ ಆಡಿದ ಪಂದ್ಯದ ಎರಡನೆಯ ಅವಧಿಯಲ್ಲಿ ಅಮೆರಿಕನ್ನರು ಹೊಡೆದ ಹೊಡೆತಗಳು ಎರಡೇ. ಆ ಇಪ್ಪತ್ತು ನಿಮಿಷ ತಂಡ ಚೆನ್ನಾಗಿ ಆಡಲಿಲ್ಲವೆಂದು ನಿಜವಾದ ಅಭಿಮಾನಿ ಹೇಳಬಲ್ಲನು, ಪವಾಡವಾದಿ ಹೇಳಲಾರನು. ಪವಾಡದಲ್ಲಿ ತಪ್ಪೂ ಇಲ್ಲ, ತಿದ್ದಿಕೊಳ್ಳುವುದೂ ಇಲ್ಲ. ಆದುದರಿಂದ ಕಲಿಯತಕ್ಕದ್ದೂ ಇಲ್ಲ. ಮುಂದೆ ೧೯೮೪ರಲ್ಲಿ ಸರಾಯೆವೊದಲ್ಲಿ ಅಮೆರಿಕನ್ ತಂಡಕ್ಕೆ ದೊರೆತದ್ದು ಏಳನೆಯ ಸ್ಥಾನ. ೧೯೮೮ರಲ್ಲಿ ಕ್ಯಾಲ್ಗರಿಯಲ್ಲಿ ಮತ್ತೆ ಏಳನೆಯದೇ. ಆ ಹುಡುಗರ ತಪ್ಪನ್ನು ಎಣಿಸುವ ಮೊದಲು, ಅವರಿಂದ ಜನರು ಆಟವನ್ನು ಬಯಸಿದರೋ ಮತ್ತೊಂದು ಪವಾಡವನ್ನು ಬಯಸಿದರೋ ಎಂಬುದನ್ನು ಯೋಚಿಸಬೇಕು.

ಈ ರೋಗ ಅಮೆರಿಕದ್ದು ಮಾತ್ರವೆಂದು ಕನ್ನಡಿಗರು ನಿಶ್ಚಿಂತರಾಗಿರುವಂತಿಲ್ಲ. ಕನ್ನಡ ಪತ್ರಿಕೆಗಳ ಆಟದ ಪುಟಗಳಲ್ಲಿ 'ಪವಾಡಸದೃಶ' ಗೆಲವುಗಳಿಗೆ ಕೊರತೆಯಿಲ್ಲ. ಪವಾಡವೆಂಬುದು ಈ ನಾಡಿನಲ್ಲಿ ಶರಣರ ಕಥೆಗಳಿಂದ ಬಂದ ತೂಕವುಳ್ಳ ಮಾತು. ಅದನ್ನು ವಾರಕ್ಕೊಂದು ಪಂದ್ಯಕ್ಕೆ ಹಂಚುವುದರಿಂದ ಶರಣರಿಗೂ ಗೌರವವಿಲ್ಲ, ಆಟಗಾರರಿಗೂ ಇಲ್ಲ. ದೈವ ದೊಡ್ಡದೋ ಪೌರುಷ ದೊಡ್ಡದೋ ಎಂಬ ವಾದ ಹಳೆಯದು. ಅದು ತೀರಲಿ, ತೀರದಿರಲಿ, ಪೌರುಷ ಮಾಡಿದ್ದನ್ನು ದೈವದ ಲೆಕ್ಕಕ್ಕೆ ಬರೆಯುವುದು ಕಳ್ಳಲೆಕ್ಕವೇ ಸರಿ. ಭಾರತದೇಶದ ಮೊದಲನೆಯ ವಿವರಣಕಾರ ಸಂಜಯ. ಕುರುಡು ದೊರೆ, ಎಲ್ಲವೂ ವಿಧಿಯೆಂದು ಹಲುಬಿದಾಗಲೆಲ್ಲ, ಅದು ದೊರೆಯ ನಡತೆಯ ಫಲವೆಂದು ಎದುರಿಗೇ ಹೇಳಿದವನು ಅವನು. ಯಾರ ಬಾಣ ಯಾರಿಗೆ ತಗುಲಿತೆಂಬುದನ್ನು ಅವನು ಮರೆಸಲಿಲ್ಲ. ಕಣ್ಣಿಲ್ಲದವರಿಗೆ ಕಣ್ಣಾಗಿ ಕುಳಿತವನ ಧರ್ಮ ಅಷ್ಟೇ.

ಮನೆಯಲ್ಲಿ ಮಕ್ಕಳು ಈ ಪಂದ್ಯದ ಚಿತ್ರವನ್ನು ನೋಡುವ ಕಾಲ ಬಂದರೆ, ಕೊನೆಯ ಹತ್ತು ಕ್ಷಣಗಳನ್ನು ತೋರಿಸಿ ಸುಮ್ಮನಾಗದೆ, ಹಿರಿಯರು ಆಸ್ಲೋವಿನ ರಾತ್ರಿಯನ್ನೂ ಹೇಳಬೇಕು. ದೀಪವಾರಿದ ಕಣದಲ್ಲಿ ಬಳಲಿದ ಹುಡುಗರು ಇನ್ನೊಮ್ಮೆ ಓಡಿದ ಆಟಕ್ಕೆ ಪ್ರೇಕ್ಷಕರಿರಲಿಲ್ಲ, ವಿವರಣಕಾರರೂ ಇರಲಿಲ್ಲ. ಲೇಕ್ ಪ್ಲಾಸಿಡ್ಡಿನ ಗೆಲವು ಅಲ್ಲಿಯದು.