ಗಡಿಯಾರ ನೋಡಿ ಅಲ್ಲ, ಹೊಲ ನೋಡಿ

ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ, ಆರಕ್ಕೆ ಕಸ-ನೀರು, ಏಳಕ್ಕೆ ರೊಟ್ಟಿ. ಕ್ರೈಸ್ತ ಗೃಹಿಣಿಯ ದಿನ ಹೀಗೇ ಇರಬೇಕು ಅನ್ನುವವರಿದ್ದಾರೆ. ಆದೋನಿ ಸೀಮೆಯ ನಮ್ಮಂಥ ಒಕ್ಕಲು ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ಮುಂಗಾರು ಬಿತ್ತನೆಗೆ ನಸುಕಿನಲ್ಲೇ ಹೊಲಕ್ಕೆ ಹೋಗಬೇಕು. ಹತ್ತಿ ಬಿಡಿಸುವಾಗ ಮಂಜು ಆರುವ ತನಕ ಮನೆಯಲ್ಲಿರಬಹುದು. ಒದ್ದೆ ಹತ್ತಿ ಒಯ್ದರೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಕಾಲ ಬದಲಾದಂತೆ ಮನೆಗೆಲಸದ ಹೊತ್ತೂ ಬದಲಾಗಲೇಬೇಕು.

ಐದರ ಪ್ರಾರ್ಥನೆ ತಪ್ಪಿತೆಂದು ನಾನು ಎಷ್ಟೋ ವರ್ಷ ಒಳಗೊಳಗೇ ಕೊರಗಿದೆ. ಈಗಿಲ್ಲ. ನಮ್ಮನೇಲಿ ಎರಡೇ ಗೂಟ ಗಟ್ಟಿ: ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂಡಿ ಪ್ರಾರ್ಥನೆ, ಭಾನುವಾರದ ಆರಾಧನೆ. ಹಾಡು ತೆಲುಗಿನದು, ಪ್ರಾರ್ಥನೆ ಕನ್ನಡದ್ದು. ಉಳಿದದ್ದು ಹಗ್ಗ, ಬೇಕಾದಾಗ ಸಡಿಲ ಬಿಡುತ್ತೇನೆ.

ಲೂಕನ ಸುವಾರ್ತೆಯ 10ನೇ ಅಧ್ಯಾಯದ ಮಾರ್ಥಳ ಕಥೆ ಎತ್ತಿ ಹೆಂಗಸರಿಗೆ ಬುದ್ಧಿ ಹೇಳುತ್ತಾರೆ. ಆಕೆ ಒಬ್ಬಳೇ ದುಡೀತಿದ್ದಳು ಅನ್ನೋದನ್ನ ಮಾತ್ರ ಮರೆಯುತ್ತಾರೆ. ನಮ್ಮ ಯಜಮಾನರು ನೀರು ತಂದು, ಮಗ ಪಾತ್ರೆ ತೊಳೆದ ದಿನ ನನಗೂ ಮರಿಯಳಂತೆ ಕೂಡಲು ಹೊತ್ತು ಸಿಗುತ್ತದೆ. ಅಣ್ಣಂದಿರೇ, ಹೆಂಡತಿಗೆ ವೇಳಾಪಟ್ಟಿ ಹಾಕುವ ಮುನ್ನ ನಿಮ್ಮ ಪಾಲಿನ ಕೆಲಸವನ್ನೂ ಅದರಲ್ಲಿ ಬರೆಯಿರಿ.